ಆಸ್ಕರ್ ಮೀನಿನ ಪಾರಣೆ

ಪ್ರಾಣ ಉಳಿಸಿದವರನ್ನು ಜನ ಜೀವನಪರ್ಯಂತ ನೆನೆಯುತ್ತಾರೆ ಎಂದು ನಂಬಿದವರು ಒಮ್ಮೆ ತಮ್ಮ ಅತ್ತೆಯ ಪ್ರಾಣ ಉಳಿಸಿ ನೋಡಬೇಕು. ನಾನು ಉಳಿಸಿದ್ದೇನೆ. ನಮ್ಮತ್ತೆ ನೆನೆಯುತ್ತಲೂ ಇದ್ದಾರೆ. ಯಾವ ಧಾಟಿಯಲ್ಲಿ ಎಂಬುದನ್ನು ಕೇಳಿದರೆ ನಿಮಗೂ ಸಿಟ್ಟು ಬಂದೀತು.

ಎಲ್ಲಕ್ಕೂ ಕಾರಣ ಒಂದು ಮೀನು. ಪುಣೆಯ ಖಡಕಿಯಲ್ಲಿ ಮನೆ ಮಾಡಿದ ಹೊಸತರಲ್ಲಿ ಹೆಬ್ಬೆರಳಿನಷ್ಟಿದ್ದ ಆಸ್ಕರ್ ಮರಿಯೊಂದನ್ನು ಚೆಂದ ಕಂಡಿತೆಂದು ಕೊಂಡು ತಂದಿದ್ದೆ. ಇದು ಸಿಕ್ಲಿಡ್ ಕುಲದ್ದು, ದೊಡ್ಡದಾಗುತ್ತದೆ ಎಂದು ಅಂಗಡಿಯವನು ಹೇಳಿದ್ದ. ಎಷ್ಟು ದೊಡ್ಡದು ಎಂದು ನಾನು ಕೇಳಲಿಲ್ಲ. ನೋಡನೋಡುತ್ತ ಅದು ನನ್ನ ಚಪ್ಪಲಿಯಷ್ಟಾಯಿತು. ಅದರ ಹೊಸ ತೊಟ್ಟಿಗೆ ಜಾಗ ಬೇಕಾಗಿ ನನ್ನ ಆರಾಮ ಕುರ್ಚಿ ಬಾಲ್ಕನಿ ಸೇರಿತು. ನಾನು ನೆಟ್ಟ ಗಿಡಗಳನ್ನೆಲ್ಲ ಕಿತ್ತು, ಕಲ್ಲುಗಳನ್ನು ಮೂತಿಯಿಂದ ತಳ್ಳಿ, ಅದು ತೊಟ್ಟಿಯನ್ನು ತನ್ನ ಮನಸ್ಸಿಗೆ ಬಂದಂತೆ ಇಟ್ಟುಕೊಂಡಿತು. ಮೇವಿಗೆ ಸಣ್ಣ ಮೀನು ಹಾಕಿ ಎಂದು ಅಂಗಡಿಯವನು ಸಲಹೆ ಕೊಟ್ಟ. ಬಾಗಲಕೋಟೆಯಿಂದ ಬಂದು ನಮ್ಮಲ್ಲೇ ನೆಲೆಸಿದ್ದ ಅತ್ತೆ ಕೆಂಡವಾದರು.

"ನಮ್ಮ ಮನ್ಯಾಗ ಮೀನೂ ಮೀನು ತಿನ್ನಂಗಿಲ್ಲ!"

ಅಂದಿನಿಂದ ಬೇಯಿಸಿದ ಬಟಾಣಿ. ಜೊತೆಗೆ ಅಂಗಡಿಯ ಗುಳಿಗೆ. ಅದರೊಳಗೆ ಏನಿರುತ್ತದೆಂದು ನಾನು ಬಾಯಿಬಿಡಲಿಲ್ಲ. ಅತ್ತೆಗೆ ಏಕಾದಶಿಯಾದರೆ ಮೀನಿಗೂ ಏಕಾದಶಿ. ಮರುದಿನ ದ್ವಾದಶಿ ಬೆಳಿಗ್ಗೆ ಒದ್ದೆ ಮಡಿಸೀರೆಯಲ್ಲೇ ಬಂದು ಮೊದಲು ಅದಕ್ಕೆ ಪಾರಣೆ ಮಾಡಿಸಿ ಆಮೇಲೆ ತಾವು ಉಣ್ಣುತ್ತಿದ್ದರು. ಮಡಿಯಲ್ಲಿ ಅಳಿಯನನ್ನು ಮುಟ್ಟದವರು ಮೀನನ್ನು ಮುಟ್ಟಬಹುದೇ ಎಂದು ಒಮ್ಮೆ ಕೇಳಿದೆ.

"ಅದು ಹಗಲೂ ರಾತ್ರಿ ಸ್ನಾನದಾಗನ ಇರ್ತದ. ಅದರಷ್ಟು ಮಡಿ ನಿಮಗ ಅದ ಏನು?"

ಬಿ.ಎಸ್ಸಿ. ಓದಿದ ನಾನು ಬಟಾಣಿ ಬೇಯಿಸಲು ಹೊರಟೆ.

ಡಿಸೆಂಬರಿನ ಚಳಿ, ಜೊತೆಗೆ ಲೋಡ್‌ಶೆಡ್ಡಿಂಗಿನ ಕಾಲ. ನೀರು ಬೆಚ್ಚಗಿರಲೆಂದು ತೊಟ್ಟಿಯೊಳಗೆ ಗಾಜಿನ ಕೊಳವೆಯ ಹೀಟರ್ ಇಟ್ಟಿದ್ದೆ. ಒಂದು ದ್ವಾದಶಿ ಬೆಳಿಗ್ಗೆ ಕರೆಂಟು ಹೋಗಿತ್ತು. ಹಲ್ಲುಜ್ಜುತ್ತ ಪಡಸಾಲೆಗೆ ಬಂದರೆ, ಉಪವಾಸದ ಸಿಟ್ಟಿಗೋ ಏನೋ, ಮೀನು ಹೀಟರನ್ನು ಗುದ್ದಿ ಒಡೆದಿತ್ತು. ಗಾಜಿನ ಚೂರುಗಳು ತಳದಲ್ಲಿ, ಒಳಗಿನ ತಂತಿ ಬತ್ತಲೆಯಾಗಿ ನೀರಿನಲ್ಲಿ. ಸ್ವಿಚ್ಚು ಹಾಕಿಯೇ ಇತ್ತು. ಅತ್ತೆ ಬರಿಗಾಲಲ್ಲಿ, ಒದ್ದೆ ಸೀರೆಯಲ್ಲಿ ನಿಂತು, ಮೊಣಕೈವರೆಗೆ ಕೈ ಮುಳುಗಿಸಿ ಒಂದೊಂದೇ ಬಟಾಣಿ ಉಣಿಸುತ್ತಿದ್ದರು. ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು.

"ಅತ್ತೆ, ಕೈ ತೆಗೀರಿ!" ಎಂದೆ, ಬ್ರಷ್ ಬಾಯಲ್ಲಿಟ್ಟುಕೊಂಡೇ.

"ಬಾಯಿ ತೊಳಕೊಂಡು ಮಾತಾಡ್ರಿ."

ಬ್ರಷ್ ತೆಗೆದೆ. "ಕರೆಂಟ್ ಬರ್ತದ್ರಿ!"

"ಬರ್ಲಿ. ಮಿಕ್ಸರ್ ಹಚ್ಚೋದದ."

ಸ್ವಿಚ್ಚು ಇದ್ದದ್ದು ತೊಟ್ಟಿಯ ಹಿಂದೆ, ಅತ್ತೆಯನ್ನು ದಾಟಿ. ಒಂದು ಹೆಜ್ಜೆ ಮುಂದಿಟ್ಟೆ. "ಮಡಿ! ಮುಟ್ಟಬ್ಯಾಡ್ರಿ!" ಎಂದು ಅವರು ತೊಟ್ಟಿಯತ್ತ ವಾಲಿದರು, ಕೈ ಇನ್ನಷ್ಟು ಒಳಗೆ ಹೋಯಿತು. ಇನ್ನೊಂದು ಹೆಜ್ಜೆಗೆ ರಟ್ಟೆಯವರೆಗೆ ಮುಳುಗಿತು. ಗಾಬರಿಯಿಂದ ಹಿಂದೆ ಸರಿದರೆ ಕೈ ಮತ್ತೆ ಮೊಣಕೈವರೆಗೆ ಮಾತ್ರ ಮೇಲೆ ಬಂತು. ಹೀಗೆ ಮುಂದೆ ಹಿಂದೆ ಹೋಗುತ್ತ ಅವರನ್ನು ಸಾವಿನೊಳಗೆ ಅದ್ದಿ ತೆಗೆಯುತ್ತಿದ್ದವನು ನಾನೇ! ಆ ಕುಣಿತ ಈಗಲೂ ಸ್ನಾನ ಮಾಡುವಾಗೆಲ್ಲ ಕಣ್ಣ ಮುಂದೆ ಬರುತ್ತದೆ.

ಕಡೆಗೆ ಬಟಾಣಿಯ ಬಟ್ಟಲಿದ್ದ ಅವರ ಇನ್ನೊಂದು ಕೈ ಹಿಡಿದು ಎಳೆದೇಬಿಟ್ಟೆ. ಬಟಾಣಿ ನೆಲದ ತುಂಬ ಚೆಲ್ಲಿತು. "ಸುಮಾ, ನಿನ್ನ ಗಂಡಗ ಏನಾಗ್ಯದ ನೋಡ ಬಾ!" ಎಂದು ಅವರು ಮಗಳನ್ನು ಕೂಗುವಷ್ಟರಲ್ಲಿ ದೀಪ ಹತ್ತಿತು, ತೊಟ್ಟಿಯಲ್ಲಿ ಚರ್ ಎಂದಿತು, ಚಟ್ಟೆಂದು ಫ್ಯೂಸ್ ಹೋಯಿತು.

ಅಡುಗೆಮನೆಯಿಂದ ಓಡಿಬಂದ ನನ್ನ ಹೆಂಡತಿ ಸುಮಾ ಸಂಗತಿ ತಿಳಿದು ಬಿಳಿಚಿಕೊಂಡಳು. ಅತ್ತೆ ಮಾತ್ರ ತೊಟ್ಟಿಯೊಳಗೆ ಇಣುಕಿದರು. ಮೀನು ಬಾಯಿ ತೆರೆದುಕೊಂಡು ಉಳಿದ ಬಟಾಣಿಗೆ ಕಾಯುತ್ತಿತ್ತು.

"ನೀರಾಗ ಇದ್ದಾಂವಗ ಏನೂ ಆಗಿಲ್ಲ. ನನಗೇನಾಗ್ತಿತ್ತು?"

ಕರೆಂಟು ಮೈಯಿಂದ ನೆಲಕ್ಕಿಳಿಯುತ್ತದೆ, ಮೀನು ನೆಲ ಮುಟ್ಟುವುದಿಲ್ಲ ಎಂದು ಪಾಠ ಮಾಡಿದೆ.

"ನಾ ಹೇಳಿದ್ದೂ ಅದನ. ನೆಲಾ ಮುಟ್ಟಂಗಿಲ್ಲ, ಅಷ್ಟು ಮಡಿ!" ಎಂದು ತಣ್ಣೀರಲ್ಲಿ ಮತ್ತೆ ಸ್ನಾನ ಮಾಡಲು ಹೊರಟರು.

ಮೀನು ಸತ್ತಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಈಗ ಮನೆಗೆ ಬಂದವರಿಗೆಲ್ಲ, ದ್ವಾದಶಿ ದಿನ ಮಡಿ ಕೆಡಿಸಿದ ಅಳಿಯನ ಕಥೆ. ಅವರ ಕೈ ಇನ್ನೆಂದೂ ತೊಟ್ಟಿಗೆ ಇಳಿಯಬಾರದೆಂದು ಉಣಿಸುವ ಕೆಲಸ ನಾನೇ ವಹಿಸಿಕೊಂಡಿದ್ದೇನೆ. ಹೊಸ ಹೀಟರಿನ ಪ್ಲಗ್ ಕಿತ್ತು, ರಬ್ಬರ್ ಚಪ್ಪಲಿ ಮೆಟ್ಟಿ, ಉದ್ದನೆಯ ಮರದ ಚಮಚೆಯಲ್ಲಿ ಬಟಾಣಿ ಹಿಡಿಯುತ್ತೇನೆ. ಮೀನು ಮೇಲೆ ಬಂದು, ನೋಡಿ, ಕಾದು, ಬೆನ್ನು ತಿರುಗಿಸಿ ಹೋಗುತ್ತದೆ.

"ಮಡಿ ಕೆಡಿಸಿದವ್ರ ಕೈಯಾಗ ಅದೂ ಉಣ್ಣಂಗಿಲ್ಲ," ಎನ್ನುತ್ತಾರೆ ಅತ್ತೆ ಹಿಂದಿನಿಂದ.

ಮೀನಿನದೇನೂ ತಪ್ಪಿಲ್ಲ. ಚಮಚೆ ನೀರಿನಿಂದ ಗೇಣು ಮೇಲೇ ನಿಂತಿರುತ್ತದೆ. ಅದಕ್ಕಿಂತ ಕೆಳಗೆ ನನ್ನ ಕೈ ಇಳಿಯುವುದಿಲ್ಲ.