ಬಿಸ್ಕತ್ತಿನ ವಿಚಾರಣೆ

ಹೆದರುವವರಲ್ಲಿ ಎರಡು ಬಗೆ. ತಪ್ಪು ಮಾಡಿ ಹೆದರುವವರು ಒಂದು. ತಪ್ಪೇ ಮಾಡದೆ, ಎಲ್ಲಿ ಮಾಡಿಬಿಟ್ಟೆವೋ ಎಂದು ಹೆದರುವವರು ಇನ್ನೊಂದು. ನಾನೂ ನಮ್ಮ ಯಜಮಾನರೂ ಎರಡನೆಯ ಪಂಗಡ. ಮದುವೆಗೆ ಮುಂಚೆ ಜೋಯಿಸರು ಗಣ, ನಾಡಿ ಎಲ್ಲ ಕೂಡಿಸಿ ನೋಡಿದರಂತೆ. ಪುಕ್ಕಲುತನ ಇಷ್ಟು ಚೆನ್ನಾಗಿ ಕೂಡಿಬಂದಿದೆ ಎಂದು ಮಾತ್ರ ಹೇಳಲಿಲ್ಲ. ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಗೆ ಬಂದ ಮೇಲೆ ಈ ಗುಣ ಇನ್ನೂ ಕೊಬ್ಬಿತು. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಇವರು ಸ್ಟಾಪ್ ಫಲಕದ ಮುಂದೆ ಕಾರು ನಿಲ್ಲಿಸಿ, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಕೊನೆಗೆ ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋಗುತ್ತಿದ್ದರು. ವಿಡಿಯೋ ಅಂಗಡಿಯ ಕ್ಯಾಸೆಟ್ಟನ್ನು ರಿವೈಂಡ್ ಮಾಡದೆ ಹಿಂದಿರುಗಿಸಿದ್ದು ನೆನಪಾಗಿ, ಕೈ ತೊಳೆದು ಅರ್ಧ ಊಟದಲ್ಲಿ ಎದ್ದು ಹೋದದ್ದೂ ಉಂಟು. ಇಂಥವರ ಮನೆಗೆ ಗಾಂಜಾ ಬಂತು.

ಅದು ಡಾಟ್-ಕಾಮ್ ಕಾಲ. ಇವರು ಮಿಲ್ಪಿಟಾಸಿನ ಒಂದು ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದರು. ಕನ್ನಡದವರು ಸೇರಿದ ಕಡೆಯೆಲ್ಲ ಷೇರು, ಸ್ಟಾಕ್ ಆಪ್ಶನ್ನು, ಯಾರ ಕಂಪನಿ ಯಾವಾಗ ಮೇಲೇಳುತ್ತದೆ ಎಂಬುದೇ ಮಾತು. ಎಲ್ಲರೂ ಮೇಲೇಳುತ್ತಿದ್ದ ಆ ಹೊತ್ತಿನಲ್ಲಿ ನಮ್ಮ ಯಜಮಾನರು ಹೊಟ್ಟೆನೋವೆಂದು ಮಲಗಿದರು. ಕ್ಯಾನ್ಸರ್ ಎಂದು ತಿಳಿದಾಗ ನಾನು ಆಸ್ಪತ್ರೆಯ ಪಾರ್ಕಿಂಗಿನಲ್ಲೇ ಕುಸಿದು ಕೂತೆ. ಅವರು ಮಾತ್ರ, "ಏಳೇ, ಇದು ಅಂಗವಿಕಲರ ಜಾಗ. ದಂಡದ ಟಿಕೆಟ್ ಕೊಟ್ಟುಬಿಟ್ಟಾರು," ಎಂದರು. ಅವರ ಹೆಸರು ನಂಜುಂಡಸ್ವಾಮಿ. ಕೀಮೋ ಶುರುವಾದ ದಿನ, ತೋಳಿಗೆ ಹನಿಹನಿಯಾಗಿ ಇಳಿಯುತ್ತಿದ್ದ ಔಷಧಿಯನ್ನು ನೋಡುತ್ತ, "ನಮ್ಮಪ್ಪ ಸರಿಯಾಗೇ ಹೆಸರಿಟ್ಟಿದ್ದಾರೆ ಬಿಡು," ಎಂದು ನಕ್ಕರು.

ನಂಜು ಇಳಿಯಿತು, ಅನ್ನ ಇಳಿಯಲಿಲ್ಲ. ಬಿಸಿಬೇಳೆಬಾತಿನ ಪಾತ್ರೆಯನ್ನು ಕೆರೆದು ತಿನ್ನುತ್ತಿದ್ದ ಮನುಷ್ಯ ಒಗ್ಗರಣೆಯ ವಾಸನೆಗೇ ಬಚ್ಚಲಿಗೆ ಓಡತೊಡಗಿದರು. ನಾನು ಎಲೆಕ್ಟ್ರಿಕ್ ಒಲೆಯೊಂದನ್ನು ತಂದು ಗರಾಜಿನಲ್ಲಿಟ್ಟೆ. ಕಾರಿನ ಪಕ್ಕದಲ್ಲಿ ನಿಂತು ಸಾಸಿವೆ ಸಿಡಿಸುತ್ತಿದ್ದೆ. ಆ ವಾಸನೆ ಹಿಡಿದೇ ಪಕ್ಕದ ಮನೆಯ ಪೆಗ್ಗಿ ಬಂದದ್ದು. ಆಕೆ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು. ಗಂಡ ಇದೇ ಕಾಯಿಲೆಯಲ್ಲಿ ಹೋಗಿದ್ದ. ಗರಾಜಿನಲ್ಲಿ ಅಡುಗೆ ಯಾಕೆಂದು ಕೇಳಿದಳು. ಹೇಳಿದೆ. ನಡುಬೀದಿಗೂ ಕೇಳುವ ಗಂಟಲಿನಲ್ಲಿ, ಗಾಂಜಾ ಕೊಟ್ಟು ನೋಡು, ನನ್ನ ಗಂಡ ಕೊನೆಯ ತಿಂಗಳು ಉಂಡದ್ದು ಅದರಿಂದಲೇ, ಈಗಂತೂ ಕಾನೂನೇ ಒಪ್ಪಿದೆ, ಎಂದಳು. ನಾನು ಮೊದಲು ಗರಾಜಿನ ಬಾಗಿಲು ಇಳಿಸಿದೆ.

ಕಾನೂನು ಒಪ್ಪಿದ್ದು ನಿಜ. ಕಾಯಿಲೆಯವರು ವೈದ್ಯರ ಸಲಹೆಯ ಮೇಲೆ ಬಳಸಬಹುದೆಂದು ಕ್ಯಾಲಿಫೋರ್ನಿಯಾದ ಜನ ಓಟು ಹಾಕಿದ್ದರು. ನಾವು ಡಾಕ್ಟರನ್ನು ಕೇಳಿದೆವು. ಅವರು ಬಾಗಿಲ ಕಡೆ ಒಮ್ಮೆ ನೋಡಿ, ಚೀಟಿ ಬರೆದುಕೊಡುವಂತಿಲ್ಲ, ಆದರೆ ಕೆಲವರಿಗೆ ಇದರಿಂದ ಊಟ ಸೇರುತ್ತದೆ, ಎಂದರು. ಇವರ ಮುಖ ಸ್ವಲ್ಪ ಅರಳಿತು. ಬೇರೆ ಯಾರಾದರೂ ಅಲ್ಲಿಂದ ನೇರ ಹೋಗಿ ತರುತ್ತಿದ್ದರು. ನಾವು ಮನೆಗೆ ಬಂದು ವಕೀಲರಿಗೆ ಫೋನು ಮಾಡಿದೆವು.

ನಮ್ಮ ಗ್ರೀನ್ ಕಾರ್ಡಿನ ಅರ್ಜಿ ನೋಡುತ್ತಿದ್ದ ವಕೀಲರು ಅವರು. ರಾಜ್ಯ ಒಪ್ಪಿದರೇನು, ನಿಮ್ಮ ಕಾರ್ಡು ಕೊಡುವುದು ರಾಜ್ಯವಲ್ಲ, ವಾಷಿಂಗ್ಟನ್. ಅಲ್ಲಿ ಇದು ಇವತ್ತಿಗೂ ಅಪರಾಧ, ಎಂದರು. ಕಾರ್ಡಿನ ಸಂದರ್ಶನದಲ್ಲಿ, ಗಾಂಜಾ ಬಳಸಿದ್ದೀರಾ ಎಂದು ಕೇಳಿದಾಗ ಹೌದೆಂದರೆ ಅರ್ಜಿ ಹೋಯಿತು; ಇಲ್ಲವೆಂದರೆ ಸುಳ್ಳು ಹೇಳಿದ್ದಕ್ಕೆ ಹೋಯಿತು. ಇವರು ಫೋನಿಟ್ಟು, "ಹಾಗಾದ್ರೆ ಬಾಯಿಗೆ ಹಾಕ್ಲೇಬಾರ್ದು," ಎಂದರು.

ಇಷ್ಟಕ್ಕೇ ಬಿಡಬಹುದಿತ್ತು. ಭಾನುವಾರ ನೋಡಲು ಬಂದ ಶ್ರೀಕಾಂತನನ್ನೂ ಕೇಳಿದೆವು. ಅವನು ಇವರ ಸಹೋದ್ಯೋಗಿ. ವಾರದ ಕೊನೆಯಲ್ಲಿ ಇನ್ಶೂರೆನ್ಸ್ ಮಾರುತ್ತಿದ್ದ. ಹಿಂದಿನ ವರ್ಷ ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪ್ರಸಾದದ ಜೊತೆಗೆ ನಮಗೊಂದು ಜೀವವಿಮೆಯನ್ನೂ ಕೊಟ್ಟಿದ್ದ.

"ಅಯ್ಯೋ ಬೇಡ ಅತ್ತಿಗೆ," ಎಂದ. "ಪಾಲಿಸಿ ತಗೊಂಡು ಎರಡು ವರ್ಷ ಆಗಿಲ್ಲ. ಅಷ್ಟರೊಳಗೆ ಏನಾದ್ರೂ ಆದ್ರೆ, ದುಡ್ಡು ಕೊಡೋ ಮುಂಚೆ ಕಂಪನಿಯವ್ರು ಎಲ್ಲಾ ಕೆದಕ್ತಾರೆ. ನಂಜುಂಡಣ್ಣ ನಾನ್-ಸ್ಮೋಕರ್ ಅಂತ ಸೈನ್ ಮಾಡಿದ್ದಾರೆ."

"ಸೇದಲ್ಲಪ್ಪಾ. ಬಿಸ್ಕತ್ತಿನಲ್ಲಿ ಹಾಕಿ ತಿಂತಾರಂತೆ."

"ಅವ್ರು ನೋಡೋದು ರಕ್ತಾನ ಅತ್ತಿಗೆ, ಹೊಗೇನಲ್ಲ. ಮುಂಚೆಯಿಂದ್ಲೂ ತಗೋತಿದ್ರು, ಮುಚ್ಚಿಟ್ರು ಅಂದ್ಬಿಟ್ರೆ ಏನ್ಮಾಡ್ತೀರಿ?"

'ಏನಾದ್ರೂ ಆದ್ರೆ' ಎಂಬ ಮಾತು ಬಾಯಿಂದ ಬಿದ್ದದ್ದು ಅವನಿಗೆ ಆಮೇಲೆ ಹೊಳೆದಿರಬೇಕು. ಕಾಫಿ ಅರ್ಧಕ್ಕೆ ಬಿಟ್ಟು ಎದ್ದ. ಇವರು ಅವನನ್ನು ಬಾಗಿಲವರೆಗೆ ಕಳಿಸಿಕೊಟ್ಟು, ಸೀಟ್ ಬೆಲ್ಟು ಹಾಕಿಕೋ ಎಂದು ನೆನಪಿಸಿ ಬಂದರು.

ಪೆಗ್ಗಿಗೆ ಈ ವಕೀಲರು, ವಿಮೆ ಯಾವುದೂ ಅರ್ಥವಾಗಲಿಲ್ಲ. ಒಂದು ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು ಹೋಗಿಬಿಟ್ಟಳು. ನಾವಿಬ್ಬರೂ ಅದರ ಎದುರು, ಟೈಂಬಾಂಬಿನ ಎದುರು ಕೂತವರಂತೆ ಕೂತೆವು. ಕಸಕ್ಕೆ ಹಾಕೋಣವೆಂದರೆ ಕಸದವರು ನೋಡಿದರೆ? ಮಣ್ಣಿನಲ್ಲಿ ಹೂತರೆ ಅಳಿಲು ಕೆದಕಿದರೆ? ಅಷ್ಟರಲ್ಲಿ ಶಾಲೆಗೆ ಹೊರಟಿದ್ದ ಮಗಳು ಅನು ಮೂಗರಳಿಸಿಕೊಂಡು ಬಂದು, "ಅಮ್ಮಾ, ಆರ್ ದೋಸ್ ಕುಕೀಸ್?" ಎಂದಳು. "ನೋ!" ಎಂದು ಇಬ್ಬರೂ ಒಟ್ಟಿಗೆ ಕೂಗಿದೆವು. ಮನೆಯಲ್ಲಿ ಎಂದೂ ದನಿಯೇರಿಸದ ಅಪ್ಪನ ಕೂಗಿಗೆ ಮಗು ಅತ್ತೇಬಿಟ್ಟಿತು. ಡಬ್ಬಿಯನ್ನು ಫ್ರಿಜ್ಜಿನ ಮೇಲೆ, ಇಡ್ಲಿ ಪಾತ್ರೆಯೊಳಗೆ ಇಟ್ಟೆ. ಇಡ್ಲಿ ಕೇಳುವವರು ಆ ಮನೆಯಲ್ಲಿ ಆಗ ಯಾರೂ ಇರಲಿಲ್ಲ.

ಒಂದು ಮಧ್ಯಾಹ್ನ ಉಪ್ಪು ಹಾಕಿದ ಗಂಜಿಯೂ ನಿಲ್ಲದೆ ಹೊರಬಂತು. ಬಚ್ಚಲಿನ ಗೋಡೆಗೊರಗಿ ಕೂತಿದ್ದರು. ಅಂಗಿಯೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಎನ್ನುವಂತಾಗಿದ್ದರು. ನಾನು ಡಬ್ಬಿ ಇಳಿಸಿ, ಒಂದು ಚೂರು ಮುರಿದು ತಂದೆ.

"ಇಷ್ಟು ತಿನ್ನಿ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲೇ. ಇಂಟರ್‌ವ್ಯೂನಲ್ಲಿ ಕೇಳಿದ್ರೆ ನನ್ನ ಮುಖಾನೇ ಹೇಳಿಬಿಡುತ್ತೆ."

"ಇಂಟರ್‌ವ್ಯೂ ಬರೋದು ಯಾವಾಗಲೋ!"

ಹೇಳಿದ ಮೇಲೆ ಆ ಮಾತಿನ ಅರ್ಥ ಇಬ್ಬರಿಗೂ ತಿಳಿಯಿತು. ಅವರು ನನ್ನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ನಿಮಗೆ ಅಂತ ನಾನು ಬಿಟ್ಟು ಹೋಗೋಕಾಗೋದು ಇವೆರಡೇ ಕಣೇ, ಕಾರ್ಡು, ಪಾಲಿಸಿ. ಎರಡಕ್ಕೂ ಕಲ್ಲು ಹಾಕು ಅಂತೀಯಲ್ಲ. ತೆಗೆದಿಡು," ಎಂದರು. ಬಿಸ್ಕತ್ತಿನಿಂದ ಒಳ್ಳೆ ಬೆಣ್ಣೆಯ ವಾಸನೆ ಬರುತ್ತಿತ್ತು. ಆ ವಾಸನೆಗೆ ಅವರಿಗೆ ವಾಕರಿಕೆ ಬಂದಿರಲಿಲ್ಲ ಎಂಬುದನ್ನು ನಾನು ಗಮನಿಸಿದೆ. ತೆಗೆದಿಟ್ಟೆ.

ಮಾರ್ಚಿನಲ್ಲಿ, ಬೆಟ್ಟಗಳೆಲ್ಲ ಹಸಿರಾಗಿದ್ದಾಗ, ಹೋದರು. ಕರ್ಮಗಳೆಲ್ಲ ಮುಗಿದ ಮೇಲೆ ಡಬ್ಬಿಯನ್ನು ಪೆಗ್ಗಿಗೆ ಹಿಂದಿರುಗಿಸಿದೆ. ಅವಳು ಅದನ್ನು ಕೈಯಲ್ಲಿ ತೂಗಿ ನೋಡಿದಳು. ಆಮೇಲೆ ನನ್ನನ್ನು ತಬ್ಬಿಕೊಂಡು ನಿಂತಳು.

ವಕೀಲರು ಫೋನಿನಲ್ಲಿ ಸಂತಾಪ ಹೇಳಿ, ಆಮೇಲೆ ನಯವಾಗಿಯೇ ವಿಷಯ ತಿಳಿಸಿದರು. ಅರ್ಜಿ ಇವರ ಹೆಸರಿನದು. ಇವರಿಲ್ಲದ ಮೇಲೆ ಅರ್ಜಿಯೂ ಇಲ್ಲ. ಯಾವ ಕಾರ್ಡಿಗೆಂದು ಅವರು ಹಸಿದು ಕೂತರೋ ಅದು ಅವರ ಜೊತೆಗೇ ಹೋಯಿತು. ಇದನ್ನು ಕೇಳಿ ನನಗೆ ಅಳು ಬರಲಿಲ್ಲ, ನಗು ಬಂತು. ಅತ್ತ ಕಡೆ ವಕೀಲರು ಗಾಬರಿಯಾದರು. ಕಂಪ್ಯೂಟರಿನ ಮುಂದೆ ಕೂರಲು ಬಂದರೆ ಸಾಕು, ಕರೆದು ಕೆಲಸ ಕೊಡುತ್ತಿದ್ದ ಕಾಲವಾದ್ದರಿಂದ, ಶ್ರೀಕಾಂತನೇ ಓಡಾಡಿ ನನಗೊಂದು ಟೆಸ್ಟಿಂಗ್ ಕೆಲಸವನ್ನೂ ಅದರ ಜೊತೆಗೆ ಬೇರೆ ವೀಸಾವನ್ನೂ ಕೊಡಿಸಿದ.

ಉಳಿದದ್ದು ಪಾಲಿಸಿ. ಅದಕ್ಕಾಗಿ ವಿಮೆ ಕಂಪನಿಯಿಂದ ಒಬ್ಬರು ಮನೆಗೇ ಬಂದರು. ಟೈ ಕಟ್ಟಿದ, ಮೆತ್ತಗೆ ಮಾತಾಡುವ ಮನುಷ್ಯ. ಆಸ್ಪತ್ರೆಯ ಕಾಗದಗಳನ್ನೆಲ್ಲ ತರಿಸಿಕೊಂಡಿದ್ದರು. ರೋಗಿ ಗಾಂಜಾದ ಬಗ್ಗೆ ವಿಚಾರಿಸಿದರು ಎಂದು ಡಾಕ್ಟರು ಬರೆದಿದ್ದಾರೆ, ನಿಜವೇ, ಎಂದು ಕೇಳಿದರು.

"ನಿಜ."

"ಬಳಸಿದರೇ?"

"ಇಲ್ಲ."

"ಒಮ್ಮೆಯೂ?"

ಸುಳ್ಳು ಹೇಳಬೇಕೆಂಬ ಆಸೆ ನನಗೆ ಹುಟ್ಟಿದ್ದು ಆಗಲೇ. ತಿಂದರು ಸ್ವಾಮಿ, ತಿಂದು, ಹಸಿವಾಗುತ್ತಿದೆ ಎಂದು ಕೂತು, ಒಂದು ತಟ್ಟೆ ಹುಳಿಯನ್ನ ಉಂಡು, ಇನ್ನೊಂದಿಷ್ಟು ಬಡಿಸು ಎಂದು ಕೇಳಿ, ಸಂಜೆಯವರೆಗೆ ಮಗುವಿನ ಹಾಗೆ ನಿದ್ದೆ ಮಾಡಿದರು. ಇಷ್ಟೂ ಮಾತು ತುಟಿಯವರೆಗೆ ಬಂತು. ಆದರೆ ಆ ಮನುಷ್ಯನ ಚೀಲದಲ್ಲಿ ನನ್ನ ಮಗಳ ಓದು ಇತ್ತು.

"ಒಮ್ಮೆಯೂ ಇಲ್ಲ," ಎಂದೆ.

ಅವರು ಬರೆದುಕೊಂಡು ಪೆನ್ನು ಮುಚ್ಚಿದರು. ಬಹಳ ಒಳ್ಳೆಯದಾಯಿತು, ಇನ್ನು ನಿಮಗೆ ತೊಂದರೆಯಿಲ್ಲ, ಎಂದು ಮನಸಾರೆ ಹೇಳಿದರು. ನಾನು ಇನ್ನೊಂದು ಲೋಟ ಕಾಫಿ ಕೊಡಲೇ ಎಂದು ಕೇಳಿದೆ. ಬೇಕೆಂದರು. ಹೊರಡುವಾಗ, ಕಾಫಿ ತುಂಬ ಚೆನ್ನಾಗಿತ್ತು ಎಂದು ಹೊಗಳಿದರು. ನಾನು ನಗುತ್ತ ಥ್ಯಾಂಕ್ಯೂ ಎಂದೆ.