ದ್ವಾದಶಿ ಪಾರಣೆ ಮಾಡಿದ ಮೀನು

ನಮ್ಮ ಮಾಮನಷ್ಟು ಕರುಣೆಯುಳ್ಳ ಮನುಷ್ಯ ಇಡೀ ಬಳ್ಳಾರಿಯಲ್ಲಿ ಇನ್ನೊಬ್ಬರಿಲ್ಲ. ಆದರೆ ಆ ಕರುಣೆ ನಿಮ್ಮ ಪಾಲಿಗೆ ಬರಬೇಕಾದರೆ ನೀವು ಮೀನಾಗಿ ಹುಟ್ಟಿರಬೇಕು, ಅಷ್ಟೇ!

ಮಾಮ ಎಂದರೆ ನನ್ನ ಸೋದರತ್ತೆಯ ಗಂಡ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಮಡಿ, ಏಕಾದಶಿ, ಚಾತುರ್ಮಾಸ್ಯ ಎಲ್ಲವೂ ಅವರಿಗೆ ಪ್ರಮೇಯವಿದ್ದ ಹಾಗೆ. ನಡುವೆ ಒಂದು ಹೆಜ್ಜೆ ಬಿಟ್ಟರೂ ಉತ್ತರ ತಪ್ಪು. ಮಕ್ಕಳಿಲ್ಲ. ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಎರಡು ಓಣಿ ಆಚೆಯೇ ನನ್ನ ಮನೆ ಇರುವುದರಿಂದ ದಿನಕ್ಕೊಮ್ಮೆ ಅವರನ್ನು ನೋಡಿ ಬರುವ ಭಾಗ್ಯ ನನ್ನದು. ನೋಡಿ ಬರುತ್ತೇನೆ ಎಂದೆನೇ ಹೊರತು ಪ್ರೀತಿಯಿಂದ ಹೋಗುತ್ತೇನೆ ಎನ್ನಲಿಲ್ಲ. ಅದರ ಕಾರಣ ಆಮೇಲೆ ಹೇಳುತ್ತೇನೆ.

ಹೋದ ವರ್ಷ ಅವರ ಹಳೆಯ ವಿದ್ಯಾರ್ಥಿಯೊಬ್ಬ ಊರು ಬಿಡುವಾಗ ತನ್ನ ಅಕ್ವೇರಿಯಮ್ಮನ್ನೂ ಅದರೊಳಗಿದ್ದ ಒಂದೇ ಒಂದು ಗೋಲ್ಡ್ ಫಿಶ್ಶನ್ನೂ ಇವರ ಪಡಸಾಲೆಯಲ್ಲಿ ಇಟ್ಟುಹೋದ. ಈರುಳ್ಳಿಗೇ ಪ್ರವೇಶವಿಲ್ಲದ ಮನೆಯಲ್ಲಿ ಮೀನೇ! ಸಂಜೆಯೊಳಗೆ ಅದು ಹೊರಗೆ ಬೀಳುತ್ತದೆ ಎಂದುಕೊಂಡಿದ್ದೆ. ದಶಾವತಾರದಲ್ಲಿ ಮೊದಲನೆಯವನೇ ಇವನು ಎಂದು ಮಾಮ ಅದನ್ನು ಒಳಗೇ ಸೇರಿಸಿಕೊಂಡರು.

ನಮ್ಮ ಓಣಿಗೆ ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ. ಆ ದಿನ ಮಾಮ ಮೊದಲು ತುಂಬಿಸುವುದು ನೀಲಿ ಡ್ರಮ್ಮನ್ನು. ಅದು ಮೀನಿನದು! ನಲ್ಲಿ ನೀರಿಗೆ ಬೆರೆಸುವ ಔಷಧದ ವಾಸನೆ ಹೋಗಬೇಕೆಂದು ಅದನ್ನು ಎರಡು ದಿನ ಮುಚ್ಚಳ ತೆಗೆದು ಇಡುತ್ತಾರೆ. ಆಮೇಲೆ ಸೀಮೆಸುಣ್ಣದಲ್ಲಿ ತಿಥಿ ಬರೆದು ಮುಚ್ಚುತ್ತಾರೆ. ಇವರು ಸ್ನಾನ ಮಾಡುವುದು ಅರ್ಧ ಬಕೆಟ್ಟಿನಲ್ಲಿ, ಅದು ಈಜುವುದು ವಾರಕ್ಕೆ ನಾಲ್ಕು ಬಕೆಟ್ಟಿನಲ್ಲಿ. ಒಮ್ಮೆ ಬಿಸಿಲಲ್ಲಿ ಬಂದವಳು ಆ ಡ್ರಮ್ಮಿನಿಂದ ಒಂದು ಲೋಟ ನೀರು ತೆಗೆದು ಕುಡಿದಿದ್ದೆ. ಕೊಲೆ ಮಾಡಿದವಳ ಮೇಲೆ ಹರಿಹಾಯುವ ಹಾಗೆ ಮಾಮ ನನ್ನ ಮೇಲೆ ಹರಿಹಾಯ್ದರು. ಅಂದಿನಿಂದ ಅಲ್ಲಿಗೆ ಹೋಗುವಾಗ ಬಾಟ್ಲಿ ಒಯ್ಯುತ್ತೇನೆ.

ಹೀಗೆ ರಾಜಭೋಗದಲ್ಲಿದ್ದ ಮೀನು ಈ ಸಲ ದೀಪಾವಳಿಗೆ ಮುಂಚಿನ ತ್ರಯೋದಶಿಯಂದು ತಲೆ ಕೆಳಗೆ, ಬಾಲ ಮೇಲೆ ಮಾಡಿಕೊಂಡು ತೇಲತೊಡಗಿತು. ಹೊಟ್ಟೆ ಉಬ್ಬಿ ನಿಂಬೆಹಣ್ಣಾಗಿತ್ತು. ನಾನು ಪಾಠ ಹೇಳುವ ಕುರುಗೋಡಿನ ಶಾಲೆಗೆ ಹೊರಟಿದ್ದೆ. ಮಾಮ ಹಾಲಿನ ಕ್ಯಾನಿನಲ್ಲಿ ಮೀನು ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನನಗಿಂತ ಮೊದಲೇ ನಿಂತಿದ್ದರು. ಅಲ್ಲಿನ ದನದ ಡಾಕ್ಟರು ನನಗೆ ಪರಿಚಯವೆಂದು ಎಂದೋ ಹೇಳಿದ್ದೆ, ನನ್ನ ಬಾಯಿಗೆ ಬೆಂಕಿ ಹಾಕ!

ಬಸ್ಸಿನಲ್ಲಿ ಪಕ್ಕದ ಹೆಂಗಸು ಕ್ಯಾನಿನಲ್ಲಿ ತುಪ್ಪವೇನೆಂದು ಕೇಳಿದಳು. "ಪೇಷಂಟ್ ಇದ್ದಾನ" ಎಂದರು ಮಾಮ. ಆಕೆ ಬಾಯಿಗೆ ಸೆರಗು ಹಿಡಿದು ಹಿಂದಿನ ಸೀಟಿಗೆ ಹೋದಳು.

ದನದ ಡಾಕ್ಟರು ಕ್ಯಾನಿನೊಳಗೆ ಬಗ್ಗಿ ನೋಡಿ, "ನಾ ಎಮ್ಮಿ ನೋಡಾವ್ರಿ ಸರ. ಇದನ್ನ ಎಲ್ಲಿ ಮುಟ್ಟಿ ನೋಡ್ಲಿ?" ಎಂದರು. ಆದರೂ ಒಳ್ಳೆಯವರು. ಮೀನಿನ ವಿಷಯ ಬಲ್ಲ ಗೆಳೆಯರಿಗೆ ಫೋನು ಮಾಡಿ, ಏನು ತಿನ್ನಿಸುತ್ತೀರಿ ಎಂದು ವಿಚಾರಿಸಿದರು. ಮಾಮ ಎದೆಯುಬ್ಬಿಸಿ ಉತ್ತರ ಕೊಟ್ಟರು: "ಏಕಾದಶಿ ದಿನ ನಿರಾಹಾರ. ದ್ವಾದಶಿ ಬೆಳಿಗ್ಗೆ ಪಾರಣಿ. ಎರಡು ದಿನದ್ದೂ ಸೇರಿಸಿ ಹಾಕ್ತೀನಿ."

ಡಾಕ್ಟರು ನಗು ತಡೆಯಲು ಮೇಜಿನ ಮೇಲಿನ ಕಾಗದ ಸರಿಮಾಡಿದರು. ರೋಗ ಇನ್ನೇನಿರುತ್ತದೆ? ಮೀನಿಗೆ ಪಾರಣೆಯ ಅಜೀರ್ಣ! ಮೂರು ದಿನ ಏನೂ ಹಾಕಬೇಡಿ, ನಾಲ್ಕನೆಯ ದಿನ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ಸುಲಿದು, ಚೂರು ಚೂರೇ ತಿನ್ನಿಸಿ ಎಂದರು.

ಮಾಮನ ಮುಖ ಇಳಿಯಿತು. ಅದು ದ್ವಿದಳ ವ್ರತದ ತಿಂಗಳು, ಚಾತುರ್ಮಾಸ್ಯದ ಕೊನೆಯದು. ಎರಡು ಹೋಳಾಗುವ ಬೇಳೆಯಾಗಲಿ ಕಾಳಾಗಲಿ ತುಳಸಿ ಲಗ್ನದ ತನಕ ಅವರ ಹೊಸ್ತಿಲು ದಾಟುವಂತಿಲ್ಲ.

"ತುಳಸಿ ಲಗ್ನ ಆದಮ್ಯಾಲೆ ಕೊಟ್ಟರ ನಡೀತದೇನ್ರಿ?"

"ಎಷ್ಟು ದಿನ ಐತ್ರಿ?"

"ಹದಿನಾಲ್ಕು."

"ಅಲ್ಲೀತನಕ ಉಳಿಯಂಗಿಲ್ರಿ ಸರ."

ಮೂರು ವರ್ಷದ ಹಿಂದೆ ಇದೇ ತಿಂಗಳು ಅತ್ತೆ ಮಲಗಿದ್ದಳು. ಸಿರುಗುಪ್ಪದ ನಮ್ಮ ಮನೆಯಲ್ಲಿ ಬೆಳೆದ ಹುಡುಗಿ, ಬಾಯಿ ತುಂಬ ಮಾತು, ತಟ್ಟೆ ತುಂಬ ಊಟ. ಕೊನೆಕೊನೆಗೆ ಬಾಯಿಗೆ ಏನೂ ಸೇರುತ್ತಿರಲಿಲ್ಲ. ಇನ್ನು ಏನು ಕೇಳುತ್ತಾರೋ ಕೊಡಿ ಎಂದು ಡಾಕ್ಟರು ಕೈಚೆಲ್ಲಿದ್ದರು. ಆಕೆ ಕೇಳಿದ್ದು ಒಂದೇ, ಹೆಸರುಬೇಳೆ ಬೇಯಿಸಿ ಬಸಿದ ತಿಳಿ ಕಟ್ಟು, ಒಂದು ಬಟ್ಟಲು. ತುಳಸಿ ಲಗ್ನ ಆಗಲಿ ಎಂದರು ಮಾಮ. ಹನ್ನೊಂದು ದಿನ ಉಳಿದಿತ್ತು. ಅತ್ತೆ ಐದು ದಿನ ಕಾದಳು.

ಅದಕ್ಕೇ ಹೇಳಿದ್ದು, ಪ್ರೀತಿಯಿಂದ ಹೋಗುವುದಿಲ್ಲ ಎಂದು. ನನ್ನ ಮೇಲೂ ನನಗೆ ಸಿಟ್ಟಿದೆ. ಎರಡು ಓಣಿ ಆಚೆ ನನ್ನ ಮನೆಯಲ್ಲಿ ಡಬ್ಬಿ ತುಂಬ ಹೆಸರುಬೇಳೆಯಿತ್ತು. ಸೆರಗಿನಲ್ಲಿ ಮುಚ್ಚಿ ತರಬಹುದಿತ್ತು. ಮಾಮನಿಗೆ ಹೆದರಿ ತರಲಿಲ್ಲ.

ಮೂರು ದಿನ ಮೀನಿನ ಜೊತೆ ಮಾಮನೂ ಉಪವಾಸವಿದ್ದರು. ನಾಲ್ಕನೆಯ ದಿನ ಪಾಡ್ಯ, ಹಬ್ಬ. ಶಾಲೆಗೆ ರಜೆ. ಬೆಳಿಗ್ಗೆಯೇ ಹೊರಟೆ. ಮೀನು ಸತ್ತಿದ್ದರೆ ಒಂದು ಮಾತು, ಬದುಕಿದ್ದರೆ ಇನ್ನೊಂದು ಮಾತು, ಎರಡನ್ನೂ ಹರಿತ ಮಾಡಿಕೊಂಡೇ ಹೋದೆ.

ಬಾಗಿಲಲ್ಲೇ ಬೆಂದ ಬಟಾಣಿಯ ವಾಸನೆ! ಒಲೆಯ ಮೇಲೆ ಅತ್ತೆ ಅನ್ನಕ್ಕಿಡುತ್ತಿದ್ದ ಅದೇ ಮಡಿ ಪಾತ್ರೆ. ಮಾಮ ಅಕ್ವೇರಿಯಮ್ಮಿನ ಮುಂದೆ ಕುಳಿತು ಉಗುರಿನಲ್ಲಿ ಸಿಪ್ಪೆ ಸುಲಿಯುತ್ತಿದ್ದರು. ಚೂರನ್ನು ಬೆರಳ ತುದಿಯಲ್ಲಿ ನೀರಿಗಿಳಿಸಿದರು. ತಲೆಕೆಳಗಾಗಿಯೇ ಬಂದ ಮೀನು ಬಾಯಿ ತೆರೆದು ಅದನ್ನು ಎಳೆದುಕೊಂಡಿತು.

"ವ್ರತ ಏನಾಯ್ತು ಮಾಮಾ?" ಎಂದೆ, ಆದಷ್ಟು ಖಾರವಾಗಿ.

ಅವರು ನನ್ನ ಕಡೆ ತಿರುಗಲಿಲ್ಲ. "ಆಕಿಗೆ ತುಳಸಿ ಲಗ್ನ ಆಗ್ಲಿ ಅಂದೆ. ಆಕಿ ಉಳೀಲಿಲ್ಲ. ಇದಕ್ಕೂ ಹಂಗ ಅನ್ಲಿಕ್ಕೆ ಬಾಯಿ ಬರ್ಲಿಲ್ಲಮ್ಮಾ."

ಮೂರು ವರ್ಷ ಇವರಿಗೆ ನೆನಪೇ ಇಲ್ಲವೆಂದು ಬಯ್ದುಕೊಂಡು ಬದುಕಿದ್ದೆ.

ಮೀನಿಗೆ ಬೇಕಾದದ್ದು ಒಂದು ಕಾಳು. ಅವರು ಬೇಯಿಸಿದ್ದು ಒಂದು ಬಟ್ಟಲು. ಉಳಿದದ್ದನ್ನು ನನ್ನ ಮುಂದೆ ಸರಿಸಿ ಮುಖ ನೋಡಿದರು.

"ನಾ ತಿನ್ನಂಗಿಲ್ಲ. ನೀ ತಿನ್ನು. ನಿನ್ನ ಮಾರಿ ಥೇಟ್ ಆಕಿ ಮಾರಿ."

ಉಪ್ಪಿರಲಿಲ್ಲ. ನಿಂತೇ ತಿಂದೆ. ನಾಲ್ಕನೆಯ ತುತ್ತಿಗೆ ನೀರು ಬೇಕಾಯಿತು. ಅವಸರದಲ್ಲಿ ಬಾಟ್ಲಿ ಮರೆತು ಬಂದಿದ್ದೆ. ಮಾಮ ಮೊಣಕಾಲು ಹಿಡಿದುಕೊಂಡು ಎದ್ದರು, ನೀಲಿ ಡ್ರಮ್ಮಿನ ಮುಚ್ಚಳ ತೆಗೆದು ಒಂದು ಚೊಂಬು ತುಂಬ ನೀರು ತಂದು ನನ್ನ ಕೈಗೆ ಕೊಟ್ಟರು.