ಅವರವ್ವ ಏನು ತಿಂದಿದ್ದಳು?

ನಮ್ಮ ಸೋದರಮಾವನ ಎದುರಿಗೆ ಯಾರೂ ಸೀನಬಾರದು. ಸೀನಿದವರಿಗೆ ಏನೂ ಆಗುತ್ತಿರಲಿಲ್ಲ. ಅವರ ತಾಯಿ ಸಿಕ್ಕಿಹಾಕಿಕೊಳ್ಳುತ್ತಿದ್ದಳು! ಆಕೆ ಬದುಕಿರಲಿ, ಸ್ವರ್ಗ ಸೇರಿರಲಿ, ಮಾವನ ವಿಚಾರಣೆಯಿಂದ ಬಿಡುಗಡೆಯಿಲ್ಲ. "ಇವ್ನು ಒಟ್ಟೇಲಿದ್ದಾಗ ಇವ್ನವ್ವ ಸರ್ಯಾಗಿ ಉಂಡಿಲ್ಲ" ಎಂದು ತೀರ್ಪು ಕೊಟ್ಟು ಬೀಡಿ ಹಚ್ಚುತ್ತಿದ್ದ. (ಮಾವನ ಬಾಯಲ್ಲಿ ಹೊಟ್ಟೆ ಒಟ್ಟೆಯಾಗುತ್ತಿತ್ತು, ಹಸು ಅಸ ಆಗುತ್ತಿತ್ತು, ಹಿಂಡಿ ಇಂಡಿಯಾಗುತ್ತಿತ್ತು. ನಮ್ಮೂರು ಕೆಂಪಾಪುರದಲ್ಲಿ ಆಗ ನಮ್ಮವರೆಲ್ಲರ ಮಾತೂ ಹಾಗೆಯೇ. ನಾಲ್ಕಕ್ಷರ ಕಲಿತ ಜಂಬದಲ್ಲಿ ತಿದ್ದಲು ಹೋಗಿ ನಾನು ಚೆನ್ನಾಗಿ ಬೈಸಿಕೊಂಡಿದ್ದೇನೆ.)

ಹೆಬ್ಬಾಳದಿಂದ ಪೇಟೆಗೆ ಹೋಗುವ ಬಸ್ಸಿನಲ್ಲಿ ಒಬ್ಬ ಕಂಡಕ್ಟರಿದ್ದ. ಅವನು ಕೂಗಿದರೆ ನಾವು ಕಿವಿ ಮುಚ್ಚಿಕೊಳ್ಳುತ್ತಿದ್ದೆವು. ಮಾವ ಮಾತ್ರ ತಲೆದೂಗುತ್ತಿದ್ದ. "ಮುದ್ದೆ, ಅವರೆಕಾಳು ಸಾರು ಉಂಡವ್ಳೆ ಇವ್ನವ್ವ!" ಅದೇನೋ ಸರಿ. ಆದರೆ ಊರಿನ ಶಾನುಭೋಗರು ಕೆರೆ ಏರಿ ಹತ್ತಿ ಏದುಸಿರು ಬಿಡುತ್ತಿದ್ದಾಗ ಅವರ ಮುಖಕ್ಕೇ ಹೇಳುವುದೇ? "ಸ್ವಾಮೀ, ತೆಪ್ಪು ನಿಮ್ದಲ್ಲ. ಬಸ್ರಿನಾಗೆ ನಿಮ್ಮವ್ವಂಗೆ ಯಾರೂ ಆಲು ಕೊಟ್ಟಿಲ್ಲ." ಆ ವರ್ಷ ನಮ್ಮ ಹೊಲದ ಪಹಣಿ ಎಷ್ಟು ತಡವಾಗಿ ಸಿಕ್ಕಿತು ಅಂತೀರಿ!

ಊರಿನಲ್ಲಿ ಯಾರ ಮನೆ ಸೊಸೆ ಬಸುರಿಯಾದರೂ ಮಾವನಿಗೆ ಗೊತ್ತಾಗಿಬಿಡುತ್ತಿತ್ತು. ಟವಲಿನಲ್ಲಿ ಗೆಣಸೋ ನುಗ್ಗೆಸೊಪ್ಪೋ ಕಟ್ಟಿಕೊಂಡು ಬಾಗಿಲಲ್ಲಿ ನಿಂತು, "ಏನವ್ವಾ, ಇವತ್ತು ಏನ್ ಉಂಡೆ?" ಎಂದು ಕೇಳುವುದು. ಗಂಡಸೊಬ್ಬ ಬಸುರಿಯನ್ನು ಕೇಳುವ ಮಾತೇ ಇದು? ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡುತ್ತಿದ್ದರು. ಒಬ್ಬಳ ಗಂಡ ಸಿಟ್ಟಿಗೆದ್ದು ಜಗಳಕ್ಕೇ ಬಂದ. ವಾಪಸು ಹೋಗುವಾಗ ಅವನ ತಲೆಯ ಮೇಲೆ ಒಂದು ಕುಕ್ಕೆ ಅವರೆಕಾಯಿ ಇತ್ತು! "ಎಲ್ಲಾ ಅವ್ಳಿಗೆ ಕಣ್ಲಾ, ನೀನ್ ಮುಟ್ಟೀಯ!" ಎಂದು ಮಾವ ಬೀದಿ ತಿರುಗುವವರೆಗೂ ಕೂಗುತ್ತಿದ್ದ.

"ಗಂಡಸಾದೋನ್ಗೆ ಈ ಉಸಾಬರಿ ಯಾಕ್ಲಾ?" ಎಂದು ನಮ್ಮವ್ವ ತಮ್ಮನ ಮೇಲೆ ರೇಗುತ್ತಿದ್ದಳು. ಮಾವನಿಗೆ ಹೆಂಡತಿ ಇರಲಿಲ್ಲ. ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳಂತೆ. ಹೇಗೆ ಎಂದು ಕೇಳಿದರೆ ಅವ್ವ ಮಾತು ಬದಲಿಸುತ್ತಿದ್ದಳು.

ನನ್ನನ್ನು ನೋಡಲು ಜಾಲಹಳ್ಳಿಯಿಂದ ಗಂಡಿನವರು ಬಂದರು. ಹುಡುಗನಿಗೆ ಕಾರ್ಖಾನೆಯಲ್ಲಿ ಕೆಲಸ, ಇರಲು ಕ್ವಾರ್ಟರ್ಸು. ಅಪ್ಪ ಸಂಬಳ ವಿಚಾರಿಸಿದ, ದೊಡ್ಡಪ್ಪ ಜಮೀನು ವಿಚಾರಿಸಿದ. ಮಾವ ಹುಡುಗನ ತಾಯಿಯ ಕಡೆ ತಿರುಗಿ, "ಅಕ್ಕಾ, ಇವ್ರು ಒಟ್ಟೇಲಿದ್ದಾಗ ನೀವು ಏನೇನ್ ಉಣ್ತಿದ್ರಿ?" ಎಂದುಬಿಟ್ಟ! ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಮಾತ್ರ ಗತ್ತಿನಿಂದ ಹೇಳಿದರು: "ಏಳು ತಿಂಗಳು ತುಂಬಿದ್ಮೇಲೆ ಅರ್ಧ ಹೊಟ್ಟೆ. ನಮ್ಮನೇಲಿ ಅದೇ ಪದ್ಧತಿ. ಮಗು ದಪ್ಪ ಆದ್ರೆ ಹೆರಿಗೆ ಕಷ್ಟ ಅಲ್ವಾ?"

ಮಾವ ಕಾಫಿ ಲೋಟ ಕೆಳಗಿಟ್ಟ. ಅವರು ಹೋದ ಮೇಲೆ, "ಈ ಸಂಬಂಧ ಬ್ಯಾಡ" ಎಂದು ಹಠ ಹಿಡಿದು ಕೂತ. ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ ಇರುವ ಮನೆಯ ಮುಂದೆ ಮಾವನ ಮಾತು ಯಾರಿಗೆ ಬೇಕು? ನನಗೂ ಬೇಕಿರಲಿಲ್ಲ. ಹುಡುಗ ನೋಡಲು ಬೇರೆ ಚೆನ್ನಾಗಿದ್ದ!

ಮದುವೆಯಾಯಿತು, ಬಸುರಿಯಾದೆ, ಏಳು ತಿಂಗಳೂ ತುಂಬಿತು. ಒಂಬತ್ತರಲ್ಲಿ ತವರಿಗೆ ಕಳಿಸುವುದೆಂದು ಮಾತಾಗಿತ್ತು. ಅತ್ತೆ ಕೆಟ್ಟವರಲ್ಲ. ಪ್ರೀತಿಯಿಂದಲೇ ಮುದ್ದೆ ಮುರಿದು ಅರ್ಧ ನನ್ನ ತಟ್ಟೆಗಿಟ್ಟು, ಇನ್ನರ್ಧವನ್ನು ನನ್ನ ಕಣ್ಣೆದುರಿಗೇ ಎತ್ತಿಡುತ್ತಿದ್ದರು. ನನಗೋ ಪ್ರಾಣ ಹೋಗುವಷ್ಟು ಹಸಿವು! ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕೂಸು ಮೊದಲಿನಂತೆ ಒದೆಯುತ್ತಿಲ್ಲ ಅನ್ನಿಸಿದಾಗ ಮಾತ್ರ ನನಗೆ ದಿಗಿಲು ಹತ್ತಿಕೊಂಡಿತು.

ಒಂದು ಮಧ್ಯಾಹ್ನ ಮಾವ ಸೈಕಲ್ಲಿನ ಮೇಲೆ ಪ್ರತ್ಯಕ್ಷನಾದ. ಹೆಬ್ಬಾಳ, ಯಶವಂತಪುರ ದಾಟಿ ಬಿಸಿಲಲ್ಲಿ ತುಳಿದುಕೊಂಡು ಬಂದಿದ್ದ. ಹಿಂದೆ ಕಡಲೆಕಾಯಿಯ ಚೀಲ, ಹ್ಯಾಂಡಲಿನಲ್ಲಿ ರಾಗಿಯೊಳಗೆ ಹುದುಗಿಸಿದ ಕೋಳಿಮೊಟ್ಟೆ. ಯೋಗಕ್ಷೇಮ ಕೇಳುವ ಪೈಕಿಯೇ ಅವನು?

"ಏನ್ ಉಂಡೆ ಮಗಾ?"

"ಅರ್ಧ ಮುದ್ದೆ ಮಾವ" ಎಂದವಳೇ ಅತ್ತುಬಿಟ್ಟೆ.

ಮಾವ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. "ಅಕ್ಕಾ, ನಮ್ಮನೇಲಿ ಅಸ ಗಬ್ಬ ಆದ್ರೆ ಬೂಸ, ಇಂಡಿ ಜಾಸ್ತಿ ಇಡ್ತೀವಿ."

"ಏನ್ರೀ ಬೀಗರೇ, ನನ್ನ ಸೊಸೇನ ಹಸು ಅಂತೀರಾ?"

"ಅಸ ಆಗಿದ್ರೇ ವಾಸಿ ಇತ್ತು ಕಣಕ್ಕಾ. ಒಟ್ಟೆನಾದ್ರೂ ತುಂಬ್ತಿತ್ತು!"

ಅಳುತ್ತಿದ್ದವಳು ನಕ್ಕುಬಿಟ್ಟೆ. ಅತ್ತೆ ನಗಲಿಲ್ಲ. "ನನ್ನ ತಂಗಿ ಹೆರಿಗೇಲಿ ಹೋದ್ಲು. ಮಗು ದಪ್ಪ ಇತ್ತು ಅಂದ್ಲು ಸೂಲಗಿತ್ತಿ. ನಾನು ಪಕ್ಕದಲ್ಲೇ ಇದ್ದೆ. ಗಂಡಸರು ನೀವು, ನಿಮಗೇನ್ರೀ ಗೊತ್ತು?" ಎಂದರು.

ಮಾವ ಹೊಸ್ತಿಲ ಹೊರಗೆ ಕುಕ್ಕರುಗಾಲಲ್ಲಿ ಕೂತ.

"ಗೊತ್ತು ಕಣಕ್ಕಾ. ನಾನೂ ಇಂಗೇ ಮಾಡ್ದೆ. ನಮ್ಮವ್ವ ಯೋಳುದ್ಲು ಅಂತ ನನ್ನೆಂಡ್ರಿಗೆ ನಾನೇ ಮುದ್ದೆ ಮುರ್ದು ಅರ್ಧ ಇಡ್ತಿದ್ದೆ. ಆಗ್ಲೇ ಕೊಟ್ಟಿಗೇಲಿ ಅಸಾನೂ ಗಬ್ಬ ಇತ್ತು. ಅದ್ಕೂ ನಾನೇ ಕಡ್ಲೆಕಾಯ್ ಇಂಡಿ ನೆನೆಸಿ ಇಡ್ತಿದ್ದೆ. ಒಂದಿನ ಅವ್ಳು ಕೇಳುದ್ಲು, ಆ ಇಂಡೀಲಿ ನಂಗೂ ಒಂದು ತುಂಡು ಕೊಡು ಅಂತ. ತಮಾಸೆ ಮಾಡ್ತಾವ್ಳೆ ಅಂತ ನಾನ್ ನಕ್ಕೆ."

ಬೀಡಿ ಹುಡುಕುವವನಂತೆ ಜೇಬು ತಡಕಿದ.

"ಕರ ಉಟ್ಟಿದ್ ಗಳಿಗೇಲೇ ಎದ್ ನಿಂತ್ಕೊಂತು. ನನ್ ಕೂಸ್ಗೆ ಅಳಾಕೂ ತ್ರಾಣ ಇರ್ನಿಲ್ಲ. ಒಂದ್ಸಲಾನೂ ಅಳ್ನಿಲ್ಲ. ಅದ್ರ ಇಂದೇನೇ ಅವ್ಳೂ ಓದ್ಲು."

ಇಷ್ಟು ವರ್ಷ ಊರೆಲ್ಲ ನಕ್ಕಿದ್ದೆವಲ್ಲ, ನಾನೂ ನಕ್ಕಿದ್ದೆನಲ್ಲ! ಅತ್ತೆ ಒಳಗೆ ಹೋದರು. ಎತ್ತಿಟ್ಟಿದ್ದ ಅರ್ಧ ಮುದ್ದೆಯನ್ನು ತಂದು ನನ್ನ ತಟ್ಟೆಗಿಟ್ಟರು, ಮೇಲೆ ತುಪ್ಪ ಹಾಕಿದರು. ಆಮೇಲೆ ಮಾವನಿಗೂ ಒಂದು ತಟ್ಟೆ ಇಟ್ಟರು. ಅವತ್ತಿನಿಂದ ನಮ್ಮ ಮನೆಯಲ್ಲಿ ಮುದ್ದೆ ಮುರಿಯಲಿಲ್ಲ. ವಾರ ಕಳೆಯುವುದರೊಳಗೆ ಕೂಸು ಒದೆಯತೊಡಗಿತು.

ಹೆರಿಗೆ ಕೆಂಪಾಪುರದಲ್ಲೇ ಆಯಿತು. ಹೆಣ್ಣುಮಗು. ಅದರ ಅಳುವಿಗೆ ಹಿತ್ತಲಿನ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ! ನೋಡಲು ಬಂದಿದ್ದ ಅತ್ತೆ ಎತ್ತಿ ಆಡಿಸಿದರು, ಅವ್ವ ಗಿಲಕಿ ಆಡಿಸಿದಳು, ಮಗು ಅಳು ನಿಲ್ಲಿಸಲೇ ಇಲ್ಲ. ಮಾವ ಬಾಗಿಲಲ್ಲಿ ನಿಂತಿದ್ದ.

"ಹೇಳು ಮಾವ, ಇವಳವ್ವ ಏನ್ ತಿಂದಿದ್ಲು?" ಎಂದು ನಾನೇ ಕೆಣಕಿದೆ.

ಊರಿನವರಿಗೆಲ್ಲ ತೀರ್ಪು ಕೊಟ್ಟವನು ಟವಲಿನಿಂದ ಕಣ್ಣೊರೆಸಿಕೊಂಡು, ಮಗುವನ್ನು ತಟ್ಟುತ್ತಿದ್ದ ಅತ್ತೆಯ ಕಡೆ ಕೈ ಅಡ್ಡ ಮಾಡಿದ.

"ಸುಮ್ಕಿರ್ಸಬ್ಯಾಡಿ ಅಕ್ಕಾ. ವಸಿ ಒತ್ತು ಅಳ್ಲಿ. ನಾನು ಕೇಳ್ಬೇಕು."